ಕೆಮ್ಮುವ ಮೋಟಾರಿನ ಉಸ್ತಾದರು

ಯಡ್ರಾಮಿಯಲ್ಲಿ ಬಸ್ಸಿಗೆ ಕಾಯುತ್ತ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ತರುಣರು ಊರಿನ ಸುದ್ದಿಯನ್ನೆಲ್ಲ ಹರವಿಕೊಂಡು ಕೂತಿದ್ದರು. ಯಾರದೋ ಎತ್ತು ಸತ್ತದ್ದನ್ನು ಬಹಳ ಹೊತ್ತು ಮಾತಾಡಿದರು. ಆಮೇಲೆ ಒಬ್ಬ, "ಮೊನ್ನಿ ಆ ಲೂಟಿ ಗಾಡಿ ಡ್ರೈವರ್ ಹೋದ ನೋಡಲೇ" ಎಂದ. "ಯಾರು, ಗಿರಣಿ ಮುದುಕ ಏನು?" ಎಂದ ಇನ್ನೊಬ್ಬ. "ಹೂಂ, ಅವನ." ಅಷ್ಟೇ. ಮತ್ತೆ ಎತ್ತಿನ ಮಾತಿಗೆ ಹೋದರು.

ಕಪ್ಪನ್ನು ಕೆಳಗಿಟ್ಟೆ. ಆ ಹುಡುಗರನ್ನು ಬೈಯಬೇಕೆಂದು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡೆ. ಅದು ಅವರು ಹುಟ್ಟುವುದಕ್ಕೂ ಮುಂಚಿನ ಮಾತು. ಅಪ್ಪ ಹೇಳಿದ್ದನ್ನು ಅವರು ಹೇಳಿದರು, ಅಪ್ಪನಿಗೆ ಅಜ್ಜ ಹೇಳಿದ್ದು. ಆ ಅಜ್ಜನಿಗೆ ಹೇಳಿದವರು ಆಳಂದದ ಮಂದಿ, ಅಂದರೆ ನಾವು. ಬರುವ ಬಸ್ಸನ್ನು ಬಿಟ್ಟು ಗಿರಣಿ ಮುದುಕರ ಮನೆಗೆ ಹೋಗುವ ದಾರಿ ಯಾವುದೆಂದು ಹೋಟೆಲಿನವನನ್ನು ಕೇಳಿದೆ. ಅವನೂ ಒಂದು ಥರ ನೋಡಿಯೇ ದಾರಿ ತೋರಿಸಿದ.

ಆ ಮುದುಕರು ಮುದುಕರಾಗುವುದಕ್ಕೆ ಬಹಳ ಮೊದಲು ಆಳಂದ–ಅಫಜಲಪುರ ದಾರಿಯಲ್ಲಿ ಒಬ್ಬ ಸಾವಕಾರರ ಮೋಟಾರು ಹೊಡೆಯುತ್ತಿದ್ದರು. ನಾನು ಅದರ ಕಂಡಕ್ಟರ್. ನಮ್ಮ ಕಡೆ ಮೋಟಾರು ಹೊಡೆಯುವವರನ್ನು ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಉಸ್ತಾದ ಎಂದರೆ ಮುಗಿಯಿತು. ನಾನೂ ಹಾಗೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಇಜೇರಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಎತ್ತಿನ ಬಾಲ ಹಿಡಿಯಲೊಲ್ಲೆ ಎಂದು ಓಡಿ ಬಂದು ಸ್ಟೇರಿಂಗು ಹಿಡಿದವರು. ಕಪ್ಪು ಮೈ, ಮೋಟು ಕುತ್ತಿಗೆ, ಮುಖಕ್ಕಿಂತ ದೊಡ್ಡದು ಮೀಸೆ. ಆ ಮೀಸೆಗೆ ದಿನಾ ಬೆಳಿಗ್ಗೆ ಗಾಡಿಗೆ ಹಾಕುವ ಎಣ್ಣೆಯನ್ನೇ ಹಚ್ಚುತ್ತಾರೆಂದು ಪ್ರಯಾಣಿಕರು ಆಡಿಕೊಳ್ಳುತ್ತಿದ್ದರು. ಸುಳ್ಳು, ಕೊಬ್ಬರಿ ಎಣ್ಣೆಯೇ. ನಾನೇ ತಂದುಕೊಡುತ್ತಿದ್ದೆ.

ಸಿಟ್ಟು ಬಂದರೆ ಎಲ್ಲರೂ ಏಕವಚನಕ್ಕೆ ಇಳಿಯುತ್ತಾರೆ. ಉಸ್ತಾದರು ಬಹುವಚನಕ್ಕೆ ಏರುತ್ತಿದ್ದರು. "ತಾವು ಭಾಳ ಶ್ಯಾಣ್ಯಾರದೀರಿ, ಸ್ವಲ್ಪ ಇಳೀರಿ" ಎಂದರೆ ಆ ಮನುಷ್ಯನ ಕತೆ ಮುಗಿದಂತೆ. ದೂರದ ಹೊಲದಲ್ಲಿ ಯಾರಾದರೂ ಗಂಟು ಹೊತ್ತು ಓಡಿ ಬರುವುದು ಕಂಡರೆ ಮಾತ್ರ ಎಷ್ಟು ತಡವಾದರೂ ಗಾಡಿ ಬಿಡುತ್ತಿರಲಿಲ್ಲ. ಒಳಗೆ ಕೂತವರು ಗೊಣಗಿದರೆ, "ಓಡಿ ಬರಾಕತ್ತಾರ ಅಂದ್ರ ಅವರಿಗೆ ಏನೋ ಜರೂರ್ ಅದ. ನಿಮಗೇನದ? ಕುಂತೀರಿ, ಕುಂಡ್ರಿ" ಎನ್ನುತ್ತಿದ್ದರು. ಏರು ಬಂದಾಗ ಗಾಡಿಯ ಕೂಡ ಮಾತಾಡುತ್ತಿದ್ದರು. ಆ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ, ಹೆಂಗಸರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಅವರಿಗೆ ಇದ್ದ ಒಂದೇ ಚಟ ಹೊಗಳಿಕೆ. ಬೀಡಿ ಇಲ್ಲದೆ ಒಂದು ದಿನ ಇರುತ್ತಿದ್ದರು. ಯಾರಾದರೂ "ಏನ್ ಗಾಡಿ ಹೊಡಿತೀರಿ ಉಸ್ತಾದ!" ಎನ್ನದೆ ಒಂದು ದಿನ ಕಳೆದರೆ ರಾತ್ರಿ ಊಟ ಸೇರುತ್ತಿರಲಿಲ್ಲ. ನಾನು ತಮಾಷೆಗೆ, "ಉಸ್ತಾದ, ನಿಮ್ಮ ಟಾಕಿಗೆ ಪೆಟ್ರೋಲ್ ಬ್ಯಾಡ, ಶಾಬಾಸ್‌ಗಿರಿ ಹಾಕಿದ್ರ ಸಾಕು" ಎಂದರೆ ಮೀಸೆಯ ಕೆಳಗೆ ನಗುತ್ತಿದ್ದರು.

ಪೆಟ್ರೋಲಿನ ಮಾತು ಸುಮ್ಮನೆ ಬರಲಿಲ್ಲ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದ ಆ ವರ್ಷ ನಮಗೆ ಬರಲಿಲ್ಲ. ನಾವು ಇನ್ನೂ ನಿಜಾಮರ ರಾಜ್ಯದಲ್ಲೇ ಇದ್ದೆವು. ಆಳಂದದಿಂದ ಸ್ವಲ್ಪ ದೂರ ಹೋದರೆ ಗಡಿ, ಗಡಿಯಾಚೆ ಬೇರೆ ಸರ್ಕಾರ. ಗಡಿ ಬಿಗಿಯಾಗುತ್ತ ಬಂದಂತೆ ಸಾಮಾನು ಬರುವುದು ನಿಂತಿತು, ಪೆಟ್ರೋಲು ಕಣ್ಣಿಗೆ ಹಚ್ಚಲೂ ಸಿಗದಾಯಿತು. ಸಾವಕಾರರು ಮೋಟಾರಿನ ಹಿಂಭಾಗಕ್ಕೆ ಮನುಷ್ಯನೆತ್ತರದ ಒಂದು ಕಬ್ಬಿಣದ ಪೀಪಾಯಿ ಕೂಡಿಸಿದರು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ತಿರುಗಣಿ ತಿರುವಿ ಗಾಳಿ ಊದಿದರೆ ಗ್ಯಾಸು ಹುಟ್ಟುತ್ತಿತ್ತು. ಅದು ಗಾಡಿಯ ಪಕ್ಕದ ಉದ್ದ ಕೊಳವೆಯಲ್ಲಿ ಹಾದು ಮುಂದಿನ ಇಂಜಿನ್ನಿಗೆ ಬರಬೇಕು. ಬರುವ ದಾರಿಯಲ್ಲಿ ಅದಕ್ಕೆ ಹೊರಗಿನ ಗಾಳಿ ಕೂಡಬೇಕು. ಕೂಡಿದರೆ ಇಂಜಿನ್ನು ಓಡುತ್ತದೆ. ಸರಿಯಾಗಿ ಕೂಡದಿದ್ದರೆ ಕೆಮ್ಮುತ್ತದೆ.

ನಮ್ಮದು ಕೆಮ್ಮುತ್ತಿತ್ತು. ಬಯಲಲ್ಲಿ ಹೇಗೋ ಹೋಗುತ್ತಿತ್ತು, ಏರು ಬಂತೆಂದರೆ ಕ್ಷಯ ಹಿಡಿದವರಂತೆ ಕೆಮ್ಮಿ, ಢಂ ಎಂದು ಒಂದು ಸಪ್ಪಳ ಮಾಡಿ, ನಿಂತುಬಿಡುತ್ತಿತ್ತು. ಆಗ ಎಲ್ಲರೂ ಇಳಿದು ನೂಕಬೇಕು. ಮಾದನಹಿಪ್ಪರಗಾದ ಒಬ್ಬ ಕಿರಾಣಿ ಅಂಗಡಿಯವರು ದಿನಾ ಕೇಳುತ್ತಿದ್ದರು: "ಕಂಡಕ್ಟರ್ ಸಾಹೇಬ್ರ, ನಾವು ಗಾಡಿ ಏರೇವೊ, ಗಾಡಿ ನಮ್ಮನ್ನ ಏರ್ಯಾದೊ?" ಗಡಿಯ ಹತ್ತಿರದ ಉದ್ದನೆಯ ಏರಿನಲ್ಲಿ ಈ ಕೆಮ್ಮು ಗಾಳಿಯ ಮೇಲೆ ಮೈಲುಗಟ್ಟಲೆ ಹೋಗುತ್ತಿತ್ತು. ಏರಿನಾಚೆ ಒಂದು ಹಳ್ಳಿ. ಅಲ್ಲಿನವರು ಕೆಮ್ಮು ಕೇಳಿದ ಮೇಲೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ನಿಧಾನಕ್ಕೆ ದಾರಿಗೆ ಬಂದು ನಿಲ್ಲುತ್ತಿದ್ದರು. ಅಷ್ಟು ಹೊತ್ತು ಸಿಗುತ್ತಿತ್ತು.

ಹೊಗಳಿಕೆ ನಿಂತುಹೋಗಿ ಉಸ್ತಾದರು ಸೊರಗಿದರು. ಒಂದು ಹುಣ್ಣಿಮೆಗೆ ಗಾಣಗಾಪುರಕ್ಕೆ ಭಕ್ತರನ್ನು ಇಳಿಸಿ ನಾವಿಬ್ಬರೂ ಸಂಗಮದ ದಂಡೆಯಲ್ಲಿ ಕೂತಿದ್ದೆವು. ಮೇಲೆ ಎಲ್ಲೋ ಮಳೆಯಾಗಿತ್ತು. ಭೀಮೆಯ ನೀರು ಕೆಂಪಗೆ, ಅಮರ್ಜೆಯದು ಬೇರೆ ಬಣ್ಣ. ಎರಡೂ ಕೂಡಿದ ಮೇಲೂ ಬಹಳ ದೂರ ತಮ್ಮ ತಮ್ಮ ಬಣ್ಣದಲ್ಲೇ ಪಕ್ಕಪಕ್ಕಕ್ಕೆ ಹರಿಯುತ್ತಿದ್ದವು. ಉಸ್ತಾದರು ಬೀಡಿ ಆರಿದ್ದೂ ಗೊತ್ತಿಲ್ಲದಂತೆ ನೋಡುತ್ತಿದ್ದರು.

"ನೋಡಲೇ ತಮ್ಮಾ, ಬ್ಯಾರೆ ಒಲಿ ಹಚ್ಚಿದ ಅಣ್ಣ-ತಮ್ಮರಂಗ ಹೊಂಟಾವ. ಒಂದ ಮನ್ಯಾಗ ಇದ್ರೂ ಕೂಡಿಲ್ಲ. ಅಲ್ಲಿ ನೋಡು, ಆ ಬಂಡಿಗಲ್ಲಿನ ಹಿಂದ."

ಬಂಡೆಯ ಹಿಂದೆ ಒಂದು ಸುಳಿ ಇತ್ತು. ಎರಡು ಬಣ್ಣಗಳೂ ಅದರೊಳಗೆ ಸುತ್ತಿ, ಸುತ್ತಿ, ಹೊರಬರುವಾಗ ಒಂದೇ ಆಗಿದ್ದವು.

"ಜೋಡಿ ಹರದ್ರ ಕೂಡೂದಿಲ್ಲ. ತಿರುಗಬೇಕು. ನಮ್ಮ ಪೈಪಿನ್ಯಾಗ ಗ್ಯಾಸೂ ಗಾಳಿನೂ ಹಿಂಗ ಪಕ್ಕಪಕ್ಕಕ್ಕ ಮಲಗಿ ಬರಾಕತ್ತಾವ ನೋಡು" ಎಂದು ಎದ್ದೇಬಿಟ್ಟರು. ಭಕ್ತರು ಪ್ರಸಾದ ತಿನ್ನುತ್ತಿರುವಾಗಲೇ ಗಾಡಿಯ ಹೊಟ್ಟೆಯ ಕೆಳಗೆ ಮಲಗಿದ್ದರು.

ಆಮೇಲೆ ಕಂಬಾರನ ಕುಲುಮೆಯಲ್ಲಿ ಎಷ್ಟೋ ದಿನ ಕಳೆದರು. ಸೀಮೆಎಣ್ಣೆ ಡಬ್ಬಿಯ ತಗಡನ್ನು ಪಟ್ಟಿಯಾಗಿ ಕತ್ತರಿಸಿ, ಹಗ್ಗ ಹೊಸೆದಂತೆ ತಿರುಚಿ, ಕೊಳವೆಯೊಳಗೆ ಕೂಡಿಸಿದರು. ಗಾಳಿಯ ಹಳೆಯ ನೇರ ತೂತನ್ನು ಮುಚ್ಚಿ, ಬಂದ ಗಾಳಿ ಕೊಳವೆಯ ಗೋಡೆಯನ್ನು ಸವರಿಕೊಂಡು ಸುತ್ತುವಂತೆ ಓರೆಯಾಗಿ ಇನ್ನೊಂದು ಕೊರೆದರು. ಮೊದಲ ಸಲ ತಗಡಿನ ತಿರುಚು ಬಿಗಿಯಾಗಿ ಗ್ಯಾಸಿಗೆ ಉಸಿರು ಕಟ್ಟಿತು. ನಾನು ಹ್ಯಾಂಡಲ್ ತಿರುವುತ್ತಿದ್ದೆ. ಉಸ್ತಾದರು ಏನಾಗಿದೆಯೆಂದು ಕೊಳವೆಯ ಬಾಯಿಗೆ ಮುಖ ಒಡ್ಡಿದರು. ಭಗ್ ಎಂದಿತು. ಹೊಗೆ ಸರಿದಾಗ ನೋಡಿದರೆ ಬಲಗಡೆಯ ಮೀಸೆ ಇಲ್ಲ.

ನಾನು ನೆಲದ ಮೇಲೆ ಬಿದ್ದು ನಕ್ಕೆ. ಅವರು ನಗಲಿಲ್ಲ. ಉಳಿದ ಅರ್ಧವನ್ನೂ ಕ್ಷೌರಿಕನ ಕೈಗೆ ಒಪ್ಪಿಸಿ ಬಂದರು. ನಮ್ಮಲ್ಲಿ ಅಪ್ಪ ಸತ್ತರೆ ಮೀಸೆ ತೆಗೆಸುತ್ತಾರೆ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರಾಗಿ ಬಂದು ಕೈ ಹಿಡಿದರು. "ಏನಾಗಿತ್ರಿ ಉಸ್ತಾದ? ವಯಸ್ಸಾಗಿತ್ತೇನು?" ಎಂದರು. ತಾನು ಮಾಡಿದ ಪೈಪು ತನ್ನ ಮೀಸೆ ಸುಟ್ಟಿತೆಂದು ಹೇಳುವ ನಾಚಿಕೆಗೆ ಉಸ್ತಾದರು ತಲೆ ತಗ್ಗಿಸಿ "ಹೌದ್ರಿ, ವಯಸ್ಸಾಗಿತ್ರಿ" ಎಂದುಬಿಟ್ಟರು. ಆ ಸುದ್ದಿ ಬಸ್ಸಿಗಿಂತ ಬೇಗ ಜೇವರ್ಗಿ ದಾಟಿ ಇಜೇರಿ ಮುಟ್ಟಿತು. ಕೆಲವು ದಿನಗಳಲ್ಲೇ ಒಬ್ಬ ಮುದುಕರು ಬಡಿಗೆ ಊರಿಕೊಂಡು ಸ್ಟ್ಯಾಂಡಿಗೆ ಬಂದು ನಿಂತು ಕೂಗಿದರು: "ಎಲ್ಲಿದ್ದಾನಲೇ ಅವ? ನಾ ಇಲ್ಲಿ ಜ್ವಾಳದ ರೊಟ್ಟಿ ತಿಂದು ಗುಂಡಕಲ್ಲಿನಂಗ ನಿಂತೇನಿ, ನನ್ನ ಹೆಸರಲೆ ಮೀಸಿ ತಗಸ್ಯಾನ!" ಉಸ್ತಾದರು ಇದ್ದಿಲಿನ ಪೀಪಾಯಿಯ ಹಿಂದೆ ಅಡಗಿದ್ದರು. ಅಪ್ಪ ಮಗನನ್ನು ಹಿಡಿದು ಎಲ್ಲರೆದುರು ಎರಡು ಬಿಟ್ಟು, ಆಮೇಲೆ ಅದೇ ಮೋಟಾರಿನಲ್ಲಿ ಟಿಕೇಟಿಲ್ಲದೆ ಊರ ದಾರಿ ಹಿಡಿದರು.

ಮೀಸೆ ಬೆಳೆಯುವ ಹೊತ್ತಿಗೆ ಪೈಪೂ ಸರಿಯಾಯಿತು. ತಿರುಚನ್ನು ಸಡಿಲ ಮಾಡಿದರು, ಅಷ್ಟೇ. ನನಗೆ ಆ ಬೆಳಿಗ್ಗೆ ಈಗಲೂ ನೆನಪಿದೆ. ಗಾಡಿ ಏರಿಗೆ ಬಂತು, ರೂಢಿಯ ಪ್ರಕಾರ ನಾಲ್ಕು ಜನ ಇಳಿಯಲು ಎದ್ದು ನಿಂತರು. ಗಾಡಿ ನಿಲ್ಲಲೇ ಇಲ್ಲ. ಸುಮ್ಮನೆ, ಎಣ್ಣೆ ಜಾರಿದ ಹಾಗೆ, ಏರಿ ಹೋಯಿತು. ಉಸ್ತಾದರು ಹಿಂದೆ ತಿರುಗಿ, "ಕೇಳ್ರಿ ಎಲ್ಲಾರೂ. ಏನು ಕೇಳಸ್ತದ?" ಎಂದರು. ಕಿರಾಣಿ ಅಂಗಡಿಯವರು ಕಿವಿಗೆ ಕೈ ಹಚ್ಚಿ, "ಏನೂ ಇಲ್ರಿ" ಎಂದರು.

"ಅದನ ನಾ ಮಾಡಿದ್ದು!"

ಏರಿನಾಚೆಯ ಹಳ್ಳಿಯಲ್ಲಿ ಆ ದಿನ ಒಬ್ಬರೂ ದಾರಿಯಲ್ಲಿರಲಿಲ್ಲ. ಬುತ್ತಿ ಕಟ್ಟುತ್ತಿದ್ದವರು ಹಾಗೇ ಓಡಿ ಬಂದು, "ಏನ್ರಿ ಉಸ್ತಾದ, ಕಳ್ಳರಂಗ ಬಂದ್ರಿ" ಎಂದು ನಕ್ಕರು. ಉಸ್ತಾದರೂ ನಕ್ಕರು, ನಾನೂ ನಕ್ಕೆ.

ಮುಂದಿನದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ. ಆ ತಿಂಗಳುಗಳಲ್ಲಿ ತುಪಾಕಿ, ಭರ್ಜಿ ಹಿಡಿದ ಟೋಳಿಗಳು ಹಳ್ಳಿಗಳ ಮೇಲೆ ಬೀಳುತ್ತಿದ್ದವು. ಅವರನ್ನು ಏನೆಂದು ಕರೆಯುತ್ತಿದ್ದರೆಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ನಾನು ಆ ಹೆಸರು ಬರೆಯುವುದಿಲ್ಲ. ಗಡಿಯಾಚೆ ಹೋಗಬಲ್ಲವರು ಹೋದರು. ಉಸ್ತಾದರು ಹೆಂಡತಿಯನ್ನೂ ಕೂಸನ್ನೂ ಯಡ್ರಾಮಿ ಕಡೆಯ ತವರಿಗೆ ಕಳಿಸಿದರು. ಉಳಿದ ಹಳ್ಳಿಗಳವರು ಮೋಟಾರಿನ ಸಪ್ಪಳಕ್ಕೆ ಕಿವಿಗೊಟ್ಟು ಬದುಕುತ್ತಿದ್ದರು. ಟೋಳಿಯವರಿಗೂ ಪೆಟ್ರೋಲು ಸಿಗುತ್ತಿರಲಿಲ್ಲ, ಅವರ ಗಾಡಿಗಳೂ ಇದ್ದಿಲಿನವೇ. ಏರಿನಲ್ಲಿ ಕೆಮ್ಮು ಕೇಳಿತೆಂದರೆ, ಹೊತ್ತಲ್ಲದ ಹೊತ್ತಿನ ಕೆಮ್ಮಾದರೆ, ಜನ ಮಕ್ಕಳನ್ನು ಎತ್ತಿಕೊಂಡು ಜೋಳದ ಹೊಲಗಳಿಗೆ ಓಡುತ್ತಿದ್ದರು. ಗಾಡಿ ನೂಕಿ ಮೇಲೆ ತರುವಷ್ಟರಲ್ಲಿ ಊರು ಖಾಲಿಯಾಗಿರುತ್ತಿತ್ತು.

ಕೆಮ್ಮದ ಗಾಡಿಯ ಕೀರ್ತಿ ಎಲ್ಲರಿಗೂ ತಲುಪಿತ್ತು, ಟೋಳಿಯವರಿಗೂ. ಒಂದು ಬೆಳಿಗ್ಗೆ ಸ್ಟ್ಯಾಂಡಿಗೆ ಬಂದು ಪ್ರಯಾಣಿಕರನ್ನು ಇಳಿಸಿ ತಾವು ಹತ್ತಿದರು. ಒಬ್ಬ ಉಸ್ತಾದರ ಪಕ್ಕದಲ್ಲಿ ತುಪಾಕಿ ಹಿಡಿದು ಕೂತ. ನನ್ನನ್ನು ಹಿಂದೆ ಇದ್ದಿಲು ಹಾಕಲು ನಿಲ್ಲಿಸಿದರು. ಆ ಏರನ್ನೇ ಹತ್ತಿದೆವು. ಸಪ್ಪಳವಿಲ್ಲ. ಪಕ್ಕದಲ್ಲಿ ಕೂತವನು ಉಸ್ತಾದರ ಬೆನ್ನು ತಟ್ಟಿ "ವಾಹ್ ಉಸ್ತಾದ, ಕ್ಯಾ ಗಾಡಿ ಹೈ!" ಎಂದ. ಅವರ ಕುತ್ತಿಗೆ ಕಲ್ಲಿನ ಹಾಗೆ ನೆಟ್ಟಗಿದ್ದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಹಳ್ಳಿಯಲ್ಲಿ ಎಲ್ಲರೂ ಮನೆಯಲ್ಲಿದ್ದರು. ಒಲೆಗಳು ಉರಿಯುತ್ತಿದ್ದವು. ಅಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅನುಭವಿಸಿದವರು ಹೇಳಬೇಕು, ಗಾಡಿಯಲ್ಲಿ ಬಂದವನು ಹೇಳಬಾರದು. ನಾವಿಬ್ಬರೂ ಊರ ಬಾಯಲ್ಲಿ ಗಾಡಿಯ ಹತ್ತಿರ ನಿಂತಿದ್ದೆವು, ತುಪಾಕಿಯವನು ಕಾವಲಿದ್ದ. ಎಲ್ಲ ಮುಗಿದು ಜೋಳದ ಚೀಲ, ತಾಮ್ರದ ಕೊಡಗಳನ್ನು ಗಾಡಿಗೆ ಒಟ್ಟುತ್ತಿರುವಾಗ ಒಬ್ಬ ಅಜ್ಜಿ ನಡೆದು ಬಂದಳು. ದಿನಾ ಗಾಡಿಗೆ ಬರುತ್ತಿದ್ದವಳೇ. ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ಇಂಜಿನ್ನಿನ ಮುಂಭಾಗವನ್ನು ಕೈಯಿಂದ ಮುಟ್ಟಿ ನೋಡಿ, ಉಸ್ತಾದರನ್ನು ಕೇಳಿದಳು.

"ಯಪ್ಪಾ, ಸಪ್ಪಳನ ಬರಲಿಲ್ಲಲ್ಲೋ?"

ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮರುದಿನ ಕೆಲಸಕ್ಕೆ ಬಂದಾಗ ಅವರ ಮುಖದ ಮೇಲೆ ಮೀಸೆ ಇರಲಿಲ್ಲ. ಸ್ಟ್ಯಾಂಡಿನವರು, "ಈ ಸಲ ಯಾವ ಅಪ್ಪ ಹೋದ್ರಿ?" ಎಂದು ನಕ್ಕರು. ಉಸ್ತಾದರು ಆಮೇಲೆ ಯಾವತ್ತೂ ಮೀಸೆ ಬಿಡಲಿಲ್ಲ. ನನ್ನನ್ನು ಕುಲುಮೆಯ ಹಿಂದಕ್ಕೆ ಕರೆದೊಯ್ದು, ಕೊಳವೆ ಬಿಚ್ಚಿ, ತಗಡಿನ ಸುರುಳಿಯನ್ನು ಹೊರಗೆಳೆದು ಬೆಂಕಿಗೆ ಹಾಕಿದರು. ಓರೆ ತೂತನ್ನು ಮುಚ್ಚಿ ಹಳೆಯ ನೇರ ತೂತನ್ನೇ ಬಿಚ್ಚಿದರು.

"ಯಾರಿಗೂ ಹೇಳಬ್ಯಾಡ. ಸಾವಕಾರ್ರಿಗೆ ತಗಡ ಸುಟ್ಟು ಹೋತು ಅಂತೀನಿ."

"ಮತ್ತ ಕೆಮ್ಮತದಲ್ರಿ ಉಸ್ತಾದ."

"ಕೆಮ್ಮಲಿ. ಗಂಟಲ ಹರಕೊಂಡು ಕೆಮ್ಮಲಿ."

ಟೋಳಿಯವರು ಮತ್ತೆ ಬಂದರು. ಮತ್ತೆ ಮತ್ತೆ ಬಂದರು. ಪ್ರತಿ ಸಲವೂ ಗಾಡಿ ಏರಿನಲ್ಲಿ ಮೊದಲಿಗಿಂತ ಜೋರಾಗಿ ಕೆಮ್ಮಿ ಢಂ ಎಂದು ನಿಂತಿತು. "ಇದ್ದಿಲು ಹಸಿ ಅದಾವ್ರಿ" ಎಂದು ಉಸ್ತಾದರು ಕೈಮುಗಿಯುತ್ತಿದ್ದರು. ತುಪಾಕಿಯ ಹಿಂಭಾಗದಿಂದ ಹೊಡೆತ ತಿಂದು ಎಡಗೈ ಸರಿಯಾಗಿ ಎತ್ತಲು ಬಾರದಂತಾಯಿತು. ಹಳ್ಳಿಗಳು ಖಾಲಿ ಸಿಕ್ಕವು. ದಿನದ ಪ್ರಯಾಣಿಕರಿಗೆ ಇದ್ಯಾವುದೂ ಗೊತ್ತಿಲ್ಲ. "ಉಸ್ತಾದನ ಕೈಗುಣ ಹೋತು" ಎಂದರು ಕೆಲವರು. "ಟೋಳಿಯವರನ್ನ ಹೊತ್ತ ಗಾಡಿ, ದೇವರು ನೋಡ್ಯಾನ" ಎಂದರು ಇನ್ನು ಕೆಲವರು. ಹೊಗಳಿಕೆ ಇಲ್ಲದೆ ಉಣ್ಣದ ಮನುಷ್ಯ ಇದೆಲ್ಲವನ್ನೂ ಕೇಳಿಸಿಕೊಂಡು ಸ್ಟೇರಿಂಗು ಒರೆಸುತ್ತಿದ್ದರು.

ಆಮೇಲೆ ಗಡಿಯಾಚೆಯ ಸರ್ಕಾರದ ದಂಡು ಬಂತು. ನಿಜಾಮರ ರಾಜ್ಯ ಮುಗಿಯಿತು. ಟೋಳಿಗಳು ಹೇಳಹೆಸರಿಲ್ಲದಂತೆ ಓಡಿದವು. ನಾವು ಕುಣಿದೆವು, ಕುಣಿಯಬೇಕಾದದ್ದೇ. ಆದರೆ ಕುಣಿತ ಮುಗಿಯುವಷ್ಟರಲ್ಲಿ ನಮ್ಮ ಕೈಗಳಲ್ಲಿ ಕೊಡಲಿಗಳಿದ್ದವು. ಓಡಿಹೋದವರು ಸಿಗಲಿಲ್ಲವಲ್ಲ, ಉಳಿದವರನ್ನು ಹುಡುಕಿದೆವು. ಏರಿನಾಚೆ ಒಂದು ಕಡೆ ನೇಕಾರರ ವಾಡಿ ಇತ್ತು. ಮಗ್ಗದ ಮುಂದೆ ಕೂತು ಕೂತು ಬೆನ್ನು ಬಾಗಿದ ಬಡವರು. ಅವರಿಗೂ ಟೋಳಿಗೂ ಸಮ ಇದ್ದದ್ದು ದೇವರನ್ನು ಕರೆಯುವ ಹೆಸರೊಂದೇ.

ಆ ಹೊತ್ತಿಗೆ ಉಸ್ತಾದರ ಹೆಸರು ಪೂರಾ ಕೆಟ್ಟಿತ್ತು. ಲೂಟಿ ಗಾಡಿಯ ಡ್ರೈವರ್ ಎಂದು ಸ್ಟ್ಯಾಂಡಿನಲ್ಲಿ ಬೆನ್ನ ಹಿಂದೆ ಉಗುಳುತ್ತಿದ್ದರು. ಅವನು ಬಾಗಿಲಿಗೆ ಬರುವುದು ಬೇಡವೆಂದು ಹೆಂಡತಿಯ ತವರಿನವರು ಹೇಳಿ ಕಳಿಸಿದ್ದರು. ಒಂದು ಮಧ್ಯಾಹ್ನ ಸಾವಕಾರರು ನಮ್ಮವರನ್ನು ಕೂಡಿಸಿಕೊಂಡು ಬಂದರು. ಪುರಾಣ ಹೇಳುವವರಿದ್ದರು, ಮದುವೆ ಕೂಡಿಸುವವರಿದ್ದರು, ದಿನಾ ನಗಿಸುತ್ತಿದ್ದ ಆ ಕಿರಾಣಿ ಅಂಗಡಿಯವರೂ ಒಂದು ಭರ್ಜಿ ಹಿಡಿದು ನಿಂತಿದ್ದರು. ಸಾವಕಾರರು ಉಸ್ತಾದರ ಹೆಗಲ ಮೇಲೆ ಕೈಯಿಟ್ಟರು.

"ನೋಡಪಾ, ನಿನ್ನ ಹೆಸರಿಗೆ ಮಸಿ ಹತ್ಯಾದ. ತೊಳಕೊಳ್ಳಾಕ ಇದ ದಾರಿ. ಇವತ್ತು ನಮ್ಮ ಮಂದೀನ ವಾಡಿಗೆ ಮುಟ್ಟಸು. ನಾಳೆ ನಾನ ನಿನ್ನ ಬೀಗರ ಮನಿಗೆ ಬಂದು, ನೀ ನಮ್ಮವ ಅಂತ ಹೇಳಿ ಹೆಂಡ್ತಿನ್ನ ಕರಕೊಂಡು ಬರ್ತೇನಿ."

ಉಸ್ತಾದರು ಒಲ್ಲೆ ಎನ್ನಲಿಲ್ಲ. "ಹೂಂ, ಹತ್ರಿ" ಎಂದರು. ಇವರೂ ಅವರ ಕೂಡ ಹೋದರಲ್ಲ ಎಂದುಕೊಂಡು ನಾನು ಇದ್ದಿಲು ಹಾಕಲು ಹಿಂದೆ ಹೋದೆ. ಒಲ್ಲೆ ಎಂದಿದ್ದರೆ ಬೇರೆ ಯಾರೋ ಗಾಡಿ ಹೊಡೆಯುತ್ತಿದ್ದರು, ಅವರು ಗಾಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದವರು ಎಂಬುದು ನನ್ನ ತಲೆಗೆ ಹೊಳೆದದ್ದು ಏರು ಬಂದ ಮೇಲೆ.

ಆ ದಿನ ಕೆಮ್ಮಿದ ಹಾಗೆ ಆ ಗಾಡಿ ಹಿಂದೆಂದೂ ಕೆಮ್ಮಿರಲಿಲ್ಲ. ನಿಂತಿತು. ನೂಕಿದರು. ಒಂದಿಷ್ಟು ಹತ್ತಿ ಮತ್ತೆ ನಿಂತಿತು. ಬಿಸಿಲಿನಲ್ಲಿ ಬೆವರು ಸುರಿಸುತ್ತ, ದೇವರ ಹೆಸರು ಕೂಗುತ್ತ, ಕೊಡಲಿಗಳನ್ನು ಸೀಟಿನ ಮೇಲಿಟ್ಟು ನಮ್ಮೂರಿನ ಒಳ್ಳೆಯ ಮಂದಿ ಆ ಮೋಟಾರನ್ನು ನೂಕುತ್ತಿದ್ದರು. ಅವರನ್ನೆಲ್ಲ ನಾನು ಬಲ್ಲೆ. ಅವರ ಮಕ್ಕಳ ನಾಮಕರಣದಲ್ಲಿ ಉಂಡವನು ನಾನು. ನಾಚಿಕೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನನಗೆ ಕಣ್ಣ ಮುಂದೆ ಬರುವುದು ಆ ಬೆನ್ನುಗಳು.

ವಾಡಿಗೆ ಮುಟ್ಟಿದಾಗ ಅಲ್ಲಿ ಕೋಳಿಗಳಿದ್ದವು, ಮನುಷ್ಯರಿರಲಿಲ್ಲ. ಮಗ್ಗಗಳನ್ನು ಮುರಿದು ಸಿಟ್ಟು ತೀರಿಸಿಕೊಂಡರು. ಅದು ಸಾಲದೆ ಕಿರಾಣಿ ಅಂಗಡಿಯವರು ಉಸ್ತಾದರ ಮುಂದೆ ಬಂದು ನಿಂತರು.

"ನಾ ಕಣ್ಣಾರೆ ನೋಡೀನಿ, ಈ ಗಾಡಿ ಎಣ್ಣಿ ಹಚ್ಚಿದಂಗ ಏರ್ತಿತ್ತು. ಅವರಿಗೆ ಓಡಿಸಿದಿ, ನಮಗ ಕೆಮ್ಮಸ್ತಿ ಏನಲೇ?"

ಅವರಿಗೂ ಕೆಮ್ಮಿಸಿದರು ಎಂದು ಹೇಳಲು ನಾನು ಬಾಯಿ ತೆರೆದೆ. ಉಸ್ತಾದರ ಕಾಲು ನನ್ನ ಕಾಲ ಮೇಲೆ ಬಂದು ಒತ್ತಿ ನಿಂತಿತು. ಬೇಕೆಂದೇ ಕೆಮ್ಮಿಸಿದ್ದು ಎಂಬ ಮಾತು ಹೊರಬಿದ್ದರೆ ಅಲ್ಲೇ ಕಡಿಯುತ್ತಿದ್ದರು. "ತಾವು ದೊಡ್ಡವರದೀರಿ" ಎಂದರು ಉಸ್ತಾದರು, ಎಲ್ಲರಿಗೂ, ಬಹುವಚನದಲ್ಲಿ. ಆಮೇಲೆ ಹೊಡೆತಗಳು ಬಿದ್ದವು. ಟೋಳಿಯವರು ಹೊಡೆದಿದ್ದ ಅದೇ ಎಡಗೈಗೆ ನಮ್ಮವರೂ ಹೊಡೆದರು.

ಉಸ್ತಾದರು ಆಳಂದ ಬಿಟ್ಟರು. ಮೊದಲೇ ಸಿಟ್ಟಾಗಿದ್ದ ಅಪ್ಪ ಊರಿಗೆ ಸೇರಿಸಲಿಲ್ಲ. ಹೆಂಡತಿ ಮಾತ್ರ, ತವರಿನವರು ಬೇಡವೆಂದರೂ, ಮಗುವನ್ನು ಎತ್ತಿಕೊಂಡು ಹೊರಬಂದು ಅವರ ಕೂಡ ಯಡ್ರಾಮಿಯಲ್ಲಿ ಮನೆ ಮಾಡಿದಳೆಂದು ಕೇಳಿದೆ. ಹಿಟ್ಟಿನ ಗಿರಣಿಯ ಇಂಜಿನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಲೂಟಿ ಗಾಡಿ ಎಂಬ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ಬಂದು ಕೂತಿತ್ತು.

ಎಷ್ಟೋ ವರ್ಷಗಳ ಮೇಲೆ ಒಮ್ಮೆ ಹುಡುಕಿಕೊಂಡು ಹೋದೆ. ತಲೆ, ಹುಬ್ಬು ಎಲ್ಲ ಹಿಟ್ಟಿನಿಂದ ಬಿಳಿ. ಅವರ ಮಗಳಿಗೆ ಗೊತ್ತಾದ ಸಂಬಂಧ ಈ ಹೆಸರಿನಿಂದಲೇ ಮುರಿದಿತ್ತು. ನನಗೆ ಮೈಯೆಲ್ಲ ಉರಿಯಿತು. "ನಾ ಹೋಗಿ ಗಂಡಿನ ಕಡೆಯವರಿಗೆ ಖರೇ ಸಂಗತಿ ಹೇಳ್ತೇನ್ರಿ. ಎಷ್ಟು ಊರು ಉಳಿಸೀರಿ ಅಂತ ಹೇಳ್ತೇನಿ" ಎಂದೆ.

ಅವರು ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವರು ನಿಲ್ಲಿಸಿದರು. "ಕೆಮ್ಮಿಸಿದ್ದು ಹೇಳಿದ್ರ ಮೊದಲ ಗಾಡಿ ಸಪ್ಪಳ ಅಡಗಿಸಿದ್ದೂ ಹೇಳಬೇಕಾಗ್ತದ ತಮ್ಮಾ. ಆಮ್ಯಾಲೆ ಮಂದಿ ಏನಂತಾರ? 'ಹೋಗಲಿ ಬಿಡು, ಒಂದು ಸಲ ತಪ್ಪ್ಯಾನ, ಆಮ್ಯಾಲೆ ಉಳಸ್ಯಾನ' ಅಂತಾರ. ಹಂಗ ಯಾರೂ ಅನಬಾರದು. ಅಂದ್ರ ಆ ಮುದುಕಿ ಊರಿನವರು ಅನಬೇಕು, ಅವರು ಯಾರೂ ಹಂಗ ಅಂದಿಲ್ಲ."

"ಮಗಳ ಬಾಳೇವು ನೋಡ್ರಿ ಉಸ್ತಾದ."

"ನೋಡಾಕತ್ತೇನಿ" ಎಂದು ಅವರು ಮುಖ ತಿರುಗಿಸಿದರು. ನಾನು ಅವರ ಮಾತು ಮೀರಲಿಲ್ಲ. ಮೀರಬೇಕಿತ್ತೋ ಏನೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹೋಟೆಲಿನವನು ತೋರಿಸಿದ ದಾರಿ ಹಿಡಿದು ಮನೆಗೆ ಹೋದೆ. ಸಾವಿನ ಮನೆ ಎನ್ನಲು ಅಂಗಳದಲ್ಲಿ ಮಂದಿ ಇರಲಿಲ್ಲ. ಕಟ್ಟೆಯ ಮೇಲೆ ಅವರ ಹೆಂಡತಿ ಒಬ್ಬಳೇ ಕೂತಿದ್ದಳು. ನಾನು ಯಾರೆಂದು ಹೇಳಿಕೊಂಡೆ. ಅವಳು ಸರಿದು ಕಟ್ಟೆಯ ಮೇಲೆ ಜಾಗ ಕೊಟ್ಟಳು.

"ಅವರ ಜೋಡಿ ಗಾಡ್ಯಾಗ ಇದ್ದವರು ನೀವ ಏನ್ರಿ ಅಣ್ಣಾ? ಹಂಗಾರ ಒಂದು ಮಾತು ಕೇಳ್ತೇನಿ, ಖರೇ ಹೇಳ್ರಿ. ಅವರಿಗೆ ಒಂದ ಸಲ ಕೇಳಿದ್ದೆ, 'ನೀವು ಆ ಟೋಳಿಯವರ ಗಾಡಿ ಹೊಡದೀರೇನು' ಅಂತ. 'ಹೂಂ, ಹೊಡದೀನಿ' ಅಂದ್ರು. ಮುಂದ ನಾ ಕೇಳಲಿಲ್ಲ, ಅವರು ಹೇಳಲಿಲ್ಲ. ಮಗಳು ಮನ್ಯಾಗ ಉಳಿದ್ಲು, ಆಗೂ ಹೇಳಲಿಲ್ಲ. ಅವರು ಖರೇನ ಆ ಟೋಳಿ ಮಂದಿ ಇದ್ರೇನ್ರಿ?"

ಹೇಳಿದೆ. ಸುಳಿಯಿಂದ ಹಿಡಿದು ನೇಕಾರರ ವಾಡಿಯವರೆಗೆ, ಅಜ್ಜಿಯ ಮಾತನ್ನೂ ಬಿಡದೆ ಹೇಳಿದೆ. ನನ್ನ ಮಾತು ಮುಗಿದ ಮೇಲೆ ಅವಳು ಸೆರಗನ್ನು ಎಳೆದು ಬಾಯಿಗೆ ಒತ್ತಿಕೊಂಡಳು. ಸಮಾಧಾನ ಆಗುತ್ತದೆಂದು ನಾನು ತಿಳಿದಿದ್ದೆ, ಮೂರ್ಖ.

"ದಿನಾ ಎರಡು ಹೊತ್ತು ಅವರ ಮುಂದ ತಾಟು ಇಟ್ಟೀನ್ರಿ ಅಣ್ಣಾ" ಎಂದಳು. "ಒಂದು ದಿನಾನೂ ಅವರ ಮಾರಿ ನೋಡಿ ಇಟ್ಟಿಲ್ಲ."